ಸಾಯಬಮ್ಮನ ಎಡೆಗೆ ಮೀನಿನ ಸಾರು

ಸಾಯಬಮ್ಮ ತೀರಿಕೊಂಡ ಮೂರನೆಯ ದಿನ ಬೆಳಿಗ್ಗೆ, ಬಂದವರು ಚಹಾ ಕುಡಿದು ಮುಗಿಸುವ ಮೊದಲೇ, ಆಕೆಯ ಮನೆಯಲ್ಲಿ ಜಗಳ ಶುರುವಾಯಿತು. ಬದುಕಿದ್ದಾಗ ಆಕೆ ಇದ್ದ ಕಡೆ ಜಗಳ ಇದ್ದೇ ಇರುತ್ತಿತ್ತು. ಸತ್ತ ಮೇಲೂ ಆ ಮರ್ಯಾದೆ ತಪ್ಪಲಿಲ್ಲವೆಂದು ಓಣಿಯವರಿಗೆ ಒಂದು ರೀತಿಯಲ್ಲಿ ಸಮಾಧಾನವೇ ಆಯಿತು.

ಜಗಳದ ವಿಷಯ ಮೀನು.

ಕೃಷ್ಣಾ ಹೊಳೆಯ ದಂಡೆಯ ಈ ಊರಿನಲ್ಲಿ ಮಣ್ಣು ಕೊಟ್ಟ ಮೂರನೆಯ ದಿನ ಸತ್ತವರಿಗೆ ಎಡೆ ಇಡುತ್ತಾರೆ. ಮನೆಯ ಒಲೆಯ ಮೇಲೆ ಮಾಡಿದ ಅಡುಗೆಯನ್ನು ಮನೆಯ ಒಳಗೆ, ಫೋಟೋದ ಮುಂದೆ ಇಡಬೇಕು. ಸತ್ತವರು ಯಾವುದನ್ನು ಆಸೆಪಟ್ಟು ತಿನ್ನುತ್ತಿದ್ದರೋ ಅದು ಎಡೆಯಲ್ಲಿ ಇರಲೇಬೇಕು. ಸೆರೆ ಕುಡಿಯುತ್ತಿದ್ದವನಿಗೆ ಸೆರೆ, ಬೀಡಿ ಸೇದುತ್ತಿದ್ದವನಿಗೆ ಬೀಡಿ. ಸಿನಿಮಾ ಹುಚ್ಚಿದ್ದ ಒಬ್ಬ ಮುದುಕನಿಗೆ ಮೊಮ್ಮಕ್ಕಳು ಎಡೆಯ ಪಕ್ಕ ಮೊಬೈಲು ಹಚ್ಚಿಟ್ಟದ್ದೂ ಉಂಟು. ಇಡದಿದ್ದರೆ ಜೀವ ಮುಂದೆ ಹೋಗದೆ ಬಾಗಿಲಲ್ಲೇ ಕುಳಿತುಬಿಡುತ್ತದೆ ಎಂಬುದು ನಂಬಿಕೆ.

ಸಾಯಬಮ್ಮನ ಆಸೆ ಏನೆಂದು ತಿಳಿಯಲು ಯಾವ ಶಾಸ್ತ್ರ ಕೇಳುವುದೂ ಬೇಕಿರಲಿಲ್ಲ. ಮೀನಿನ ಸಾರು. ತೊಡಕು ಇಷ್ಟೇ: ಆ ಮನೆಯ ಹೊಸ್ತಿಲನ್ನು ಹತ್ತಿಪ್ಪತ್ತು ವರ್ಷಗಳಿಂದ ಒಂದು ಮೀನೂ ದಾಟಿರಲಿಲ್ಲ. ದಾಟಕೂಡದೆಂದು ಆಜ್ಞೆ ಹೊರಡಿಸಿದವನು ಆಕೆಯ ಗಂಡ ಮಾನಪ್ಪ. ಅವನು ಕೊರಳಲ್ಲಿ ರುದ್ರಾಕ್ಷಿ, ಹಣೆಯಲ್ಲಿ ವಿಭೂತಿ ಧರಿಸಿ, ಕೋಟೆ ಕಾಯುವವನಂತೆ ಒಳಗಿನ ಒಲೆಗೆ ಬೆನ್ನು ಕೊಟ್ಟು ಕುಳಿತಿದ್ದ.

"ಅವ್ವಗ ಪುಂಡಿಪಲ್ಲೆ ಎಡಿ ಇಟ್ರ ಅಕಿ ಎದ್ದು ಬಂದು ತಾಟ ಒಗೀತಾಳ ನೋಡಪ್ಪ," ಎಂದಳು ಮಗಳು ಗಂಗಾ. ದೋರನಹಳ್ಳಿಗೆ ಕೊಟ್ಟ ಹೆಣ್ಣು. ತವರಿನಿಂದ ಅವಳು ಒಯ್ದದ್ದು ಎರಡು ಸೀರೆ ಮತ್ತು ತಾಯಿಯ ನಾಲಿಗೆ.

"ಹೊರಗ ಇಡ್ರಿ," ಎಂದ ಮಾನಪ್ಪ. "ಅಕಿ ಒಲಿ ಹೊರಗೈತಿ. ಅಲ್ಲೇ ಮಾಡ್ರಿ, ಅಲ್ಲೇ ಇಡ್ರಿ. ನಾ ಬ್ಯಾಡ ಅಂದೀನೇನು?"

ಮಾನಪ್ಪನ ಅಣ್ಣ ಭೀಮರಾಯ ಓಣಿಗೆಲ್ಲ ಹಿರಿಯ. ಯಾವ ಮಾತನ್ನೂ ಮೊದಲು ಕೆಮ್ಮಿ ಆಮೇಲೆ ಆಡುವವನು. ಕೆಮ್ಮಿದ. "ಹೊರಗ ಇಡಾಕ ಅಕಿ ದಾರಿಹೋಕಳೇನೋ? ಈ ಮನಿ ಸೊಸಿ. ಎಡಿ ಒಳಗ ಆಗಬೇಕು."

"ಒಳಗ ಮೀನ ಬರಂಗಿಲ್ಲ."

"ಮೀನಿಲ್ದ ಅಕಿ ಎಡಿ ಆಗಂಗಿಲ್ಲ."

ಮಗ ಅರ್ಜುನ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು, ಸೈದಾಪುರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದ. ಖಾನಾವಳಿಯ ಅನ್ನದಿಂದಲೇ ಅವನ ಮೈ ನಿಂತಿತ್ತು. "ಸುರಪುರಕ್ಕ ಹೋಗಿ ಪಾರ್ಸಲ್ ತರ್ತೀನಿ, ಕವರ್ ಬಿಚ್ಚದೇ ಇಟ್ರಾತು," ಎಂದ. ಎಲ್ಲರೂ ಅವನನ್ನು ನೋಡಿದ ರೀತಿಗೆ ಅವನು ಎದ್ದು ಹೋಗಿ ಎಮ್ಮೆಗೆ ನೀರು ಕುಡಿಸಿದ. ಎಮ್ಮೆ ಆಗಷ್ಟೇ ಕುಡಿದಿತ್ತು.

ಸುರಪುರದ ಚರಿತ್ರೆ ಬರೆದವರು ಕೋಟೆಯ ಬಗ್ಗೆ ಬರೆದಿದ್ದಾರೆ, ತೋಪುಗಳ ಬಗ್ಗೆ ಬರೆದಿದ್ದಾರೆ, ಯಾರಿಗೂ ಬಗ್ಗದ ದೊರೆಗಳ ಬಗ್ಗೆ ಬರೆದಿದ್ದಾರೆ. ಅದೇ ತಾಲ್ಲೂಕಿನ ಒಂದು ಓಣಿಯಲ್ಲಿ ಎರಡು ಒಲೆಗಳ ನಡುವೆ ಇಷ್ಟು ವರ್ಷ ನಡೆದ ಯುದ್ಧದ ಬಗ್ಗೆ ಯಾರೂ ಒಂದಕ್ಷರ ಬರೆದಿಲ್ಲ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗಿ ಹೇಳಬೇಕಾಗಿದೆ.

ಸಾಯಬಮ್ಮ ಹುಟ್ಟಿದ್ದು ಯಾದಗಿರಿಯ ಆಚೆ, ಭೀಮಾ ದಂಡೆಯಲ್ಲಿ. ತಂದೆ ಬಲೆ ಬೀಸುವವನು, ತಾಯಿ ಬುಟ್ಟಿ ಹೊರುವವಳು. ನಡೆಯಲು ಕಲಿಯುವ ಮೊದಲೇ ಹುಡುಗಿ ಹರಗೋಲಿನ ತಳದಲ್ಲಿ ಮೀನಿನ ಜೊತೆ ಮಲಗಿದ್ದಳಂತೆ. ಮೀನು ಒದ್ದಾಡಿದರೆ ತಾನೂ ಒದ್ದಾಡುತ್ತಿದ್ದಳಂತೆ. ಇದನ್ನು ಆಕೆಯೇ ಹೇಳುತ್ತಿದ್ದಳು, ಆದ್ದರಿಂದ ಅರ್ಧಕ್ಕಿಂತ ಹೆಚ್ಚು ನಂಬುವ ಅಗತ್ಯವಿಲ್ಲ.

ಮದುವೆಯಾಗಿ ಕೃಷ್ಣಾ ದಂಡೆಗೆ ಬಂದ ಮೊದಲ ಮಧ್ಯಾಹ್ನ ಅತ್ತೆ ಹೊಸ ಸೊಸೆಗೆ ಬಾಳೆಮೀನಿನ ಸಾರು ಬಡಿಸಿದಳು. ಸೊಸೆ ಒಂದು ತುತ್ತು ತಿಂದು, "ಛಲೋ ಆಗೈತ್ರಿ ಅತ್ತಿ. ಖರೆ ಭೀಮಾ ಹೊಳಿ ಮೀನಿನ ರುಚಿ ಇದಕ್ಕಿಲ್ಲ," ಎಂದಳು.

"ಹಂಗಾರ ನಿಮ್ಮಪ್ಪಗ ಹೇಳಿ ಆ ಹೊಳಿ ಇಲ್ಲಿಗೇ ಕಳಸು ಅನ್ನು," ಎಂದಳು ಅತ್ತೆ.

"ಕಳಸ್ಯಾನ್ರಿ. ಮುಂದ ಸಂಗಮದಾಗ ಬಂದು ಕೂಡೈತಿ. ನೀವು ಮ್ಯಾಲ ಕುಂತೀರಿ, ನಿಮಗ ಮುಟ್ಟಿಲ್ಲ."

ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಮಗನ ಕಡೆ ನೋಡಿದಳಂತೆ. ಮಗ ತಾಟಿನ ಕಡೆ ನೋಡಿದನಂತೆ. ಮಾನಪ್ಪನ ಸಂಸಾರದ ನೀತಿ ಆ ಕ್ಷಣವೇ ನಿಶ್ಚಯವಾಯಿತು: ಮಾತು ಆಕೆಯದು, ಮೌನ ಇವನದು. ಇಂಥ ಒಪ್ಪಂದದ ಮೇಲೆ ಎಷ್ಟೋ ಸಂಸಾರಗಳು ನಡೆದಿವೆ. ಇವರದೂ ಚೆನ್ನಾಗಿಯೇ ನಡೆಯಿತು. ನಸುಕಿನಲ್ಲಿ ಅವನು ಹರಗೋಲು ಹಾಕಿಕೊಂಡು ಬಲೆ ಎಳೆದು ತರುತ್ತಿದ್ದ. ಆಕೆ ಮೊದಲ ಬಸ್ಸಿಗೆ ಬುಟ್ಟಿ ಹೊತ್ತು ಸುರಪುರದ ಪೇಟೆಗೆ ಹೋಗುತ್ತಿದ್ದಳು. ಉಳಿದ ಮೀನನ್ನು ಬರುವಾಗ ದೇವಾಪುರದಲ್ಲಿ ಮಾರಿ ಬರುತ್ತಿದ್ದಳು. ಗಂಗಾ ಹುಟ್ಟಿದಳು, ಅರ್ಜುನ ಹುಟ್ಟಿದ. ಇಬ್ಬರೂ ಬುಟ್ಟಿಯ ಪಕ್ಕದಲ್ಲೇ ಬೆಳೆದರು.

ಬಸ್ಸಿನ ಪ್ರಸಂಗ ಒಂದನ್ನು ಹೇಳದೆ ಮುಂದೆ ಹೋಗಲಾಗದು. ಹೊಸದಾಗಿ ಬಂದ ಕಂಡಕ್ಟರನೊಬ್ಬ ಮೂಗು ಹಿಡಿದುಕೊಂಡು, ಬುಟ್ಟಿ ಮ್ಯಾಲ ಹೋಗಬೇಕು ಎಂದ. "ಬುಟ್ಟಿ ಮ್ಯಾಲ ಹೋದ್ರ ನಾನೂ ಮ್ಯಾಲ," ಎಂದಳು ಸಾಯಬಮ್ಮ. ಬರೇ ಬೆದರಿಕೆ ಎಂದು ಅವನು ತಿಳಿದ. ಸಾಯಬಮ್ಮ ಸೆರಗು ಬಿಗಿದು ಏಣಿ ಹತ್ತಿ, ಬಸ್ಸಿನ ನೆತ್ತಿಯ ಮೇಲೆ ಬುಟ್ಟಿಯನ್ನು ತಬ್ಬಿಕೊಂಡು, ಅಂಬಾರಿಯ ಮೇಲಿನ ರಾಣಿಯಂತೆ ಸುರಪುರ ಪ್ರವೇಶ ಮಾಡಿದಳು. ದಾರಿಯುದ್ದಕ್ಕೂ ಎದುರಾದವರಿಗೆಲ್ಲ ಕಂಡಕ್ಟರನ ವಂಶಾವಳಿ ಕೇಳಿಸಿತು. ಮರುದಿನದಿಂದ ಬುಟ್ಟಿ ಡ್ರೈವರನ ಹಿಂದಿನ ಸೀಟಿನ ಕೆಳಗೆ ಸ್ಥಾಪಿತವಾಯಿತು. ಕಂಡಕ್ಟರು ಬದಲಾದರೂ ಆ ಜಾಗ ಬದಲಾಗಲಿಲ್ಲ.

ಇಂಥ ಹೆಂಗಸಿನ ಗಂಡ ಬೋಧೆ ತೆಗೆದುಕೊಂಡ.

ಬೋಧೆ ಎಂದರೆ ಗುರು ಕಿವಿಯಲ್ಲಿ ಮಂತ್ರ ಹೇಳಿ ರುದ್ರಾಕ್ಷಿ ಕಟ್ಟುವುದು. ತೆಗೆದುಕೊಂಡವನು ಮೀನು, ಮಾಂಸ, ಸೆರೆ ಬಿಡಬೇಕು. ಬೋಧೆ ಇಲ್ಲದವರು ಮಾಡಿದ ಅಡುಗೆ ಉಣ್ಣಕೂಡದು. ಮುರಿದರೆ ಏನೇನಾಗುತ್ತದೆ ಎಂಬುದಕ್ಕೆ ಊರಿಗೊಂದು ಕಥೆ ಇದೆ, ಎಲ್ಲ ಕಥೆಗಳ ಕೊನೆಯಲ್ಲೂ ನಾಲಿಗೆ ಬಿದ್ದುಹೋಗುತ್ತದೆ. ಹೊಳೆಯ ಜನರಲ್ಲಿ ಕೆಲವರು ವಯಸ್ಸಾದ ಮೇಲೆ, ಹಲ್ಲು ಹೇಗೂ ಹೋದ ಮೇಲೆ, ಇದನ್ನು ತೆಗೆದುಕೊಳ್ಳುವುದು ರೂಢಿ. ಮಾನಪ್ಪನಿಗೆ ಆಗ ಹಲ್ಲುಗಳೆಲ್ಲ ಗಟ್ಟಿಯಾಗಿದ್ದವು, ವೈರಾಗ್ಯ ಒಂದು ಚೂರೂ ಇರಲಿಲ್ಲ. ಇದ್ದದ್ದು ಹಸಿವು.

ನಡೆದದ್ದು ಹೀಗೆ. ಎದುರುಮನೆಯ ರಾಜಾಸಾಬ ಟಂಟಂ ಗಾಡಿ ಹೊಡೆಯುತ್ತಿದ್ದ. ಒಂದು ಅಮಾವಾಸ್ಯೆ ಅವನಿಗೆ ದೂರದ ಒಂದು ಮಠಕ್ಕೆ ಕಾಯಿಪಲ್ಲೆ ಮುಟ್ಟಿಸುವ ಬಾಡಿಗೆ ಸಿಕ್ಕಿತು. ಜೊತೆಗೆ ಬಾ ಎಂದು ಮಾನಪ್ಪನನ್ನು ಕರೆದ. ಚೀಲ ಇಳಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಬೆಳಗಿನಿಂದ ಹೊಟ್ಟೆಗೆ ಚಹಾ ಬಿಟ್ಟು ಏನೂ ಬಿದ್ದಿರಲಿಲ್ಲ. ಅಂಗಳದಲ್ಲಿ ಜನ ಎರಡು ಸಾಲಿನಲ್ಲಿ ಕುಳಿತಿದ್ದರು. ಒಂದು ಸಾಲು ಬಾಗಿಲು ದಾಟಿ ಬೀದಿಯವರೆಗೆ ಹೋಗಿತ್ತು. ಇನ್ನೊಂದು ಸಣ್ಣದಿತ್ತು. ಎರಡರಲ್ಲೂ ಜನರ ಮುಂದೆ ತಾಟು ಇತ್ತು. ಬುದ್ಧಿ ಇದ್ದ ಯಾರಾದರೂ ಮಾಡುವುದನ್ನೇ ಮಾನಪ್ಪ ಮಾಡಿದ. ಸಣ್ಣ ಸಾಲಿನಲ್ಲಿ ಕುಳಿತ. ಗೋಧಿ ಹುಗ್ಗಿಯ ವಾಸನೆ ಬರುತ್ತಿತ್ತು. ಕಣ್ಣು ಮುಚ್ಚಿ ಕಾದ.

ಕಣ್ಣು ಬಿಟ್ಟಾಗ ತಲೆಯ ಮೇಲೆ ಶಾಲು ಬಿದ್ದಿತ್ತು, ಕಿವಿಯ ಹತ್ತಿರ ಮಠದ ಗುರು ಅಜ್ಜನವರ ಬಾಯಿ ಇತ್ತು. ಮಂತ್ರ ಮುಗಿದು ರುದ್ರಾಕ್ಷಿ ಬಿತ್ತು. "ಇವತ್ತಿನಿಂದ ಮೀನು, ಮಾಂಸ ಬಿಟ್ಟೆಯೇನಪ್ಪ?" ಎಂದರು ಅಜ್ಜನವರು. ಅತ್ತಿತ್ತ ಕುಳಿತವರೆಲ್ಲ ತಲೆಯಾಡಿಸಿದ್ದರು. ಹಸಿದ ಮನುಷ್ಯ ಯಾವುದಕ್ಕೂ ತಲೆಯಾಡಿಸುತ್ತಾನೆ. ಎದ್ದು ಹೋದರೆ ಗುರುವಿಗೆ ಅಪಮಾನ, ಕುಳಿತರೆ ಬಾಳೆಮೀನಿಗೆ ಶಾಶ್ವತ ವಿದಾಯ. ಮಾನಪ್ಪ ಕುಳಿತ.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ರಾಜಾಸಾಬ ಗಾಡಿ ನಿಧಾನ ಮಾಡಿದ.

"ಲೇ ಮಾನ್ಯಾ, ಊಟದ ಸಾಲ ಆ ಕಡಿ ಇತ್ತಲ್ಲೋ," ಎಂದ.

"ಗೊತ್ತಾತು."

"ಹೋಗಿ ಅಜ್ಜಾರಿಗೆ ಹೇಳೂಣೇನು, ತಪ್ಪಿ ಕುಂತಿದ್ದೆ ಅಂತ?"

"ಕೊಳ್ಳಾಗ ಬಿದ್ದದ್ದು ಬಿತ್ತು," ಎಂದ ಮಾನಪ್ಪ. "ಆದ್ರ ಈ ಮಾತ ಮಂದಿಗೆ ಹೇಳಿದ್ರ ನಿನ್ನ ಹೊಳ್ಯಾಗ ಮುಳುಗಸ್ತೀನಿ. ಆಣಿ ಮಾಡು."

ರಾಜಾಸಾಬ ಖುದಾನ ಆಣೆ ಮಾಡಿದ.

ಊರಿಗೆ ಬಂದು ಇಳಿದ ಕೂಡಲೇ ಆಶ್ಚರ್ಯ ಕಾದಿತ್ತು. ಕಟ್ಟೆಯ ಮೇಲೆ ಕುಳಿತವರು ರುದ್ರಾಕ್ಷಿ ನೋಡಿ ಎದ್ದು ನಿಂತರು. "ಶರಣ್ರಿ ಮಾನಪ್ಪಾರಿಗೆ," ಎಂದ ಒಬ್ಬ. ಹುಟ್ಟಿದಂದಿನಿಂದ ಮಾನ್ಯಾ ಎಂದು ಕರೆಸಿಕೊಂಡವನಿಗೆ ಹೆಸರಿನ ಮುಂದೆ ಅಷ್ಟು ಅಕ್ಷರಗಳು ಬಂದದ್ದು ಅದೇ ಮೊದಲು. ಭೀಮರಾಯ ಕೂಡ ತಮ್ಮನಿಗೆ ತನ್ನ ಪಕ್ಕದಲ್ಲಿ ಕಟ್ಟೆಯ ಮೇಲೆ ಜಾಗ ಬಿಟ್ಟುಕೊಟ್ಟ. ಮಾನಪ್ಪನಿಗೆ ಅದು ಮೀನಿಗಿಂತ ಸ್ವಲ್ಪ ಹೆಚ್ಚೇ ರುಚಿಸಿತು. ಮನೆಗೆ ಬಂದವನು ಕಟ್ಟೆಯ ಗತ್ತಿನಲ್ಲೇ ಹೆಂಡತಿಗೆ ಹೇಳಿದ:

"ಇವತ್ತಿನಿಂದ ಈ ಮನ್ಯಾಗ ಮೀನು ಬರಂಗಿಲ್ಲ. ನೀನೂ ಬೋಧ ತಗೋ. ಇಲ್ಲಾ ಬುಟ್ಟಿ ಬಿಡು. ಬುಟ್ಟಿ ಬೇಕು, ಇಲ್ಲಾ ಮನಿ ಬೇಕು, ಎರಡರಾಗ ಒಂದು ಹೇಳು."

ಸಾಯಬಮ್ಮ ಸೊಂಟಕ್ಕೆ ಕೈಯಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಎರಡೂ ಬೇಕು," ಎಂದಳು. "ನಿನ್ನ ಹೊಟ್ಟಿ ತುಂಬಸಾಕತ್ತಿದ್ದು ಆ ಬುಟ್ಟಿ. ಬಲಿ ನೀ ಬಿಟ್ಟಿ, ನಾ ಬುಟ್ಟಿ ಬಿಟ್ರ ಮಕ್ಕಳಿಗೆ ವಿಭೂತಿ ತಿನಸ್ತಿ ಏನು?"

ಮರುದಿನ ಆಕೆ ಪೇಟೆಗೆ ಹೋಗಲಿಲ್ಲ. ಬದಲಿಗೆ ಓಣಿಯ ಆಚೆ, ರಾಜಾಸಾಬನ ಮನೆಯ ಗೋಡೆಗೆ ಆತು, ನಾಲ್ಕು ಗೂಟ ನೆಟ್ಟು ತಗಡಿನ ಪತ್ರಾಸು ಹೊದಿಸಿದಳು. ರಾಜಾಸಾಬನ ಹೆಂಡತಿ ಖಾಜಾಬೀ ಮಣ್ಣು ಕಲಸಿ ಕೊಟ್ಟಳು. ಸಂಜೆಗೆ ಅಲ್ಲಿ ಹೊಸ ಒಲೆ ಎದ್ದಿತು, ಒಲೆಯ ಪಕ್ಕ ಬುಟ್ಟಿ ಬಂತು. ಆಕೆ ಮತ್ತು ಮಕ್ಕಳು ಉಣ್ಣುವುದು ಅಲ್ಲಿ, ಮಲಗುವುದು ಮನೆಯಲ್ಲಿ. ಮನೆಯೊಳಗೆ ಬರುವ ಮುನ್ನ ಆಕೆ ಕೈಕಾಲು ತೊಳೆದು ಸೀರೆ ಬದಲಿಸುತ್ತಿದ್ದಳು. ಮೀನು ಹೊಸ್ತಿಲು ದಾಟಲಿಲ್ಲ. ಆಜ್ಞೆ ಅಕ್ಷರಶಃ ಪಾಲನೆಯಾಯಿತು. ಆಜ್ಞೆ ಮಾಡಿದವನಿಗೆ ಆಗಷ್ಟೇ ಇನ್ನೊಂದು ವಿಷಯ ಹೊಳೆಯಿತು: ಬೋಧೆ ಇಲ್ಲದವಳ ಕೈಯ ರೊಟ್ಟಿ ಅವನು ಉಣ್ಣುವಂತಿಲ್ಲ.

ಮಾನಪ್ಪ ಒಲೆ ಹಚ್ಚಿದ. ಎಸರಿಟ್ಟು ಜೋಳದ ಹಿಟ್ಟು ನಾದಿದ. ಸುಳಿಯಲ್ಲಿ ಹರಗೋಲು ತಿರುಗಿಸುತ್ತಿದ್ದ ಕೈ, ರೊಟ್ಟಿ ತಿರುಗಿಸಲು ಹೋಗಿ ಸೋತಿತು. ಮೊದಲನೆಯದು ಹಂಚಿಗೆ ಮುಟ್ಟುವ ಮೊದಲೇ ಮೂರು ತುಂಡಾಯಿತು. ಎರಡನೆಯದಕ್ಕೆ ಕಾಲು ಬಂದವು. ಮೂರನೆಯದು ಹಂಚನ್ನು ಅಪ್ಪಿಕೊಂಡು ಬಿಡಲೊಲ್ಲದು. ಎದುರಿನ ಪತ್ರಾಸಿನ ಕೆಳಗೆ ಸಾಯಬಮ್ಮ ಖಾಜಾಬೀಗೆ, ಆದರೆ ಓಣಿಗೆಲ್ಲ ಕೇಳುವಂತೆ, ವಿವರ ಒಪ್ಪಿಸುತ್ತಿದ್ದಳು.

"ಖಾಜಾ, ಆ ಮನ್ಯಾಗ ಏನೋ ಬಡ್ಯಾಕತ್ತಾರಲ್ಲ, ರೊಟ್ಟಿ ಏನು, ಕಳ್ಳನ್ನ ಹಿಡದಾರೇನು?"

"ಸುಮ್ನಿರವ್ವ, ಪಾಪ, ಹೊಸದು," ಎನ್ನುತ್ತಿದ್ದಳು ಖಾಜಾಬೀ.

"ಪಾಪ ಯಾರಿಗೆ? ಹಿಟ್ಟಿಗೆ."

ಇದು ತಿಂಗಳುಗಟ್ಟಲೆ ನಡೆಯಿತು. ಅವನ ರೊಟ್ಟಿ, ಅವನ ಗೊರಕೆ, ಅವನು ವಿಭೂತಿ ಹಚ್ಚಿಕೊಳ್ಳುವ ರೀತಿ, ಕಟ್ಟೆಯ ಮೇಲೆ ಕಣ್ಣು ಅರ್ಧ ಮುಚ್ಚಿ ಕುಳಿತುಕೊಳ್ಳುವ ಭಂಗಿ, ಯಾವುದನ್ನೂ ಸಾಯಬಮ್ಮ ಬಿಡಲಿಲ್ಲ. ಆದರೆ ಮನುಷ್ಯನ ಕೈ ಕಲಿಯುವ ಹಟ ದೊಡ್ಡದು. ವರ್ಷ ತಿರುಗುವಷ್ಟರಲ್ಲಿ ಮಾನಪ್ಪನ ರೊಟ್ಟಿ ದುಂಡಗಾಯಿತು. ಇನ್ನೊಂದು ವರ್ಷಕ್ಕೆ ತೆಳ್ಳಗಾಯಿತು. ಆಮೇಲಾಮೇಲೆ ಅವನು ಬಡಿಯುವ ಸಪ್ಪಳಕ್ಕೆ ಒಂದು ತಾಳ ಬಂತು. ಅಂದಿನಿಂದ ಸಾಯಬಮ್ಮ ರೊಟ್ಟಿಯ ಮಾತು ನಿಲ್ಲಿಸಿದಳು. ಅದು ಆಕೆ ಕೊಡಬಹುದಾದ ದೊಡ್ಡ ಬಹುಮಾನ.

ಮೀನು ಹಿಡಿಯುವುದನ್ನು ಬಿಟ್ಟ ಮೇಲೆ ಮಾನಪ್ಪ ಕೆಲವು ವರ್ಷ ಹರಗೋಲಿನಲ್ಲಿ ಜನರನ್ನು ದಾಟಿಸಿದ. ಆಮೇಲೆ ಗದ್ದೆಯವರ ಪಂಪು ಕಾಯುವ ಕೆಲಸಕ್ಕೆ ಸೇರಿದ. ಸಾಯಬಮ್ಮ ಬೇರೆಯವರ ಹರಗೋಲಿನಿಂದ ಮೀನು ಕೊಂಡು ಮಾರಿದಳು. ಮಕ್ಕಳು ಎರಡು ಒಲೆಗಳ ನಡುವೆ ಬೆಳೆದು ಎರಡೂ ಕಡೆ ಉಂಡು ಗಟ್ಟಿಯಾದರು.

ಗಂಗಾಳ ಮದುವೆಯಲ್ಲಿ ಯುದ್ಧ ಒಮ್ಮೆ ಬಯಲಿಗೆ ಬಂತು. ದೋರನಹಳ್ಳಿಯ ಬೀಗರಿಗೆ ಓಣಿಯಲ್ಲಿ ಮೀನಿನೂಟ. ರೊಟ್ಟಿ ಒಳಗಿನ ಒಲೆಯದು, ಸಾರು ಹೊರಗಿನ ಒಲೆಯದು. ಬೀಗರಲ್ಲೊಬ್ಬ ಹಿರಿಯ ತುಂಬಿದ ತಾಟು ಹಿಡಿದುಕೊಂಡು, ಬಿಸಿಲು ಹೆಚ್ಚಾಯಿತೆಂದು ಮನೆಯೊಳಗೆ ಹೊರಟ. ಮಾನಪ್ಪ ಬಾಗಿಲಿಗೆ ಅಡ್ಡ ಕೈ ಹಿಡಿದ.

"ನೀವು ಬರ್ರಿ ಮಾವಾರ. ತಾಟ ಹೊರಗ ಬಿಟ್ಟು ಬರ್ರಿ."

ಬೀಗನ ಮೀಸೆ ಅದುರಿತು. ಮದುವೆ ಮುರಿಯುವ ಹೊತ್ತು. ಓಣಿಯ ಆಚೆಯಿಂದ ಸಾಯಬಮ್ಮನ ಧ್ವನಿ ಬಂತು: "ಮಾವಾರ, ಆ ಮನ್ಯಾಗ ಮೀನಿಗೆ ಬಿಡ್ರಿ, ನನಗೂ ಕೈ ತೊಳದ ಮ್ಯಾಲೇ ಬಿಡ್ತಾರ. ಇಲ್ಲಿ ನೆರಳೈತಿ ಬರ್ರಿ, ಬಾಳಿಮೀನಿನ ತಲಿ ನಿಮಗಂತ ತಗದಿಟ್ಟೀನಿ." ತಲೆಯ ಹೆಸರು ಕೇಳಿ ಬೀಗ ಮೀಸೆ ಇಳಿಸಿ ಆ ಕಡೆ ನಡೆದ. ಗಂಡನ ಮಾನ ಆ ದಿನ ಉಳಿದದ್ದು ಹೆಂಡತಿಯ ಮೀನಿನ ತಲೆಯಿಂದ. ಮಾನಪ್ಪ ಇದನ್ನು ಗಮನಿಸಿದನೋ ಇಲ್ಲವೋ, ಆ ರಾತ್ರಿ ಆಕೆಯ ಹಾಸಿಗೆಯನ್ನು ತಾನೇ ಹಾಸಿದ ಎಂದು ಗಂಗಾ ಹೇಳುತ್ತಾಳೆ.

ಸಾಯಬಮ್ಮ ಕೊನೆಯ ತನಕ ಬುಟ್ಟಿ ಹೊತ್ತಳು. ಮೊಣಕಾಲು ಕೈಕೊಟ್ಟ ಮೇಲೆ ಪೇಟೆ ಬಿಟ್ಟು ದೇವಾಪುರಕ್ಕಷ್ಟೇ ಹೋಗುತ್ತಿದ್ದಳು. ಈ ಚಳಿಗಾಲ ಜ್ವರ ಬಂತು, ಶಹಾಪುರದ ದವಾಖಾನೆಗೆ ಒಯ್ದರು, ವಾಪಸು ತಂದರು. ಮನೆಯಲ್ಲೇ ಹೋದಳು. ಹೋಗುವ ಮುಂಚೆ ದೊಡ್ಡ ಮಾತೇನೂ ಆಡಲಿಲ್ಲ. ದವಾಖಾನೆಯ ಗಂಜಿಯನ್ನು ಬೈದದ್ದೇ ಕೊನೆಯ ಮಾತು.

ಹೀಗೆ ಮೂರನೆಯ ದಿನದ ಬೆಳಿಗ್ಗೆ ಬಂತು. ಮಾನಪ್ಪ ಒಲೆಗೆ ಬೆನ್ನು ಕೊಟ್ಟು ಕುಳಿತಿದ್ದಾನೆ. ಭೀಮರಾಯ ಕೆಮ್ಮುತ್ತಿದ್ದಾನೆ. ಗಂಗಾ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಬಯ್ಯುತ್ತಿದ್ದಾಳೆ. ಹೊತ್ತು ಏರುತ್ತಿದೆ. ಮಧ್ಯಾಹ್ನದೊಳಗೆ ಎಡೆಯಾಗದಿದ್ದರೆ ಸಾಯಬಮ್ಮ ಬಾಗಿಲಲ್ಲೇ ಉಳಿಯುತ್ತಾಳೆ.

ಆಗ ಖಾಜಾಬೀ ಬಂದಳು. ಕೈಯಲ್ಲಿ ಮುಚ್ಚಿದ ಪಾತೇಲಿ. ಅದರಲ್ಲಿ ತೊಳೆದು ಹೆಚ್ಚಿದ ಬಾಳೆಮೀನು. ಅವಳ ಹಿಂದೆ ರಾಜಾಸಾಬ. ಖಾಜಾಬೀ ಹೊಸ್ತಿಲಿನ ಹೊರಗೇ ನಿಂತಳು. ಇಷ್ಟು ವರ್ಷದ ಅಭ್ಯಾಸ.

"ಮಾನಪ್ಪಣ್ಣ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಅವತ್ತು ಮಠದಾಗ ನೀ ಊಟದ ಸಾಲು ಅಂತ ತಿಳದು ಕುಂತಿದ್ದಿ, ಹೌದಲ್ಲ?"

ಭೀಮರಾಯನ ಕೆಮ್ಮು ಅರ್ಧಕ್ಕೇ ನಿಂತಿತು. ಮಾನಪ್ಪ ನಿಧಾನವಾಗಿ ರಾಜಾಸಾಬನ ಕಡೆ ನೋಡಿದ. ರಾಜಾಸಾಬ ಬಾಗಿಲಾಚೆಯಿಂದಲೇ ಮಾಳಿಗೆಯ ತೊಲೆಗಳನ್ನು ಪರೀಕ್ಷಿಸತೊಡಗಿದ.

"ಮಂದಿಗೆ ಹೇಳಬ್ಯಾಡ ಅಂದಿದ್ದಿ, ಮಂದಿಗೆ ಹೇಳಿಲ್ಲ," ಎಂದ ತೊಲೆಗಳಿಗೆ. "ಹೆಂಡ್ತಿಗೆ ಹೇಳೀನಿ. ಹೆಂಡ್ತಿ ಮಂದ್ಯಾಗ ಬರಂಗಿಲ್ಲ."

"ನಾನೂ ಮಂದಿಗೆ ಹೇಳಿಲ್ಲ," ಎಂದಳು ಖಾಜಾಬೀ. "ಸಾಯಬಮ್ಮಗ ಹೇಳೀನಿ. ಮರುದಿನಾನ. ಒಲಿಗೆ ಮಣ್ಣು ಕಲಸೂ ಮುಂದ."

ಮಾನಪ್ಪನ ಮುಖದಲ್ಲಿ ಇಷ್ಟು ವರ್ಷಗಳು ಒಂದೊಂದಾಗಿ ಹಿಂದಕ್ಕೆ ಹೋಗುತ್ತಿದ್ದವು. ರೊಟ್ಟಿಯ ಬಗ್ಗೆ ಅಂದಿದ್ದಳು, ಗೊರಕೆಯ ಬಗ್ಗೆ ಅಂದಿದ್ದಳು, ಬೀಗರ ಮುಂದೆ ಅಂದಿದ್ದಳು, ಬಸ್ ನಿಲ್ದಾಣದಲ್ಲಿ ಅಂದಿದ್ದಳು. ಕೈಯಲ್ಲಿ ಬ್ರಹ್ಮಾಸ್ತ್ರ ಹಿಡಿದುಕೊಂಡೇ ಆ ಹೆಂಗಸು ಇಷ್ಟು ವರ್ಷ ಬರೀ ಕಲ್ಲು ತೂರಿದ್ದಳು.

"ಅಕಿ ಏನಂದ್ಲು?" ಎಂದ.

"ನಕ್ಕಳು. ನನ್ನ ಗ್ವಾಡಿ ಹಿಡಕೊಂಡು ನಕ್ಕಳು, ಕೂಸಿನಂಗ. ಆಮ್ಯಾಲ ಕಣ್ಣೊರಸಿಕೊಂಡು ಅಂದ್ಲು, ಖಾಜಾ, ತಪ್ಪಿ ಕುಂತಾನ ಖರೆ, ಆದ್ರ ಎದ್ದು ಬಂದಿಲ್ಲ. ಹುಟ್ಟಿದಾಗಿಂದ ಮಾನ್ಯಾ ಅನಸ್ಕೊಂಡಾನ, ಈಗ ಮಂದಿ ಶರಣ್ರಿ ಅನ್ನಾಕತ್ತಾರ, ಅನಸ್ಕೊಳ್ಳಲಿ. ಈ ಮಾತು ನಿನ್ನ ಬಾಯಿಂದ ಹೊರಗ ಬಿದ್ರ ಇದ ಗ್ವಾಡಿ ಕೆಡವತೀನಿ ಅಂದ್ಲು. ಇವತ್ತು ಅಕಿ ಇಲ್ಲ ಅಂತ ಹೇಳೀನಿ. ಗ್ವಾಡಿ ಕೆಡವಾಕಾದ್ರೂ ಬರ್ಲಿ."

ಭೀಮರಾಯ ಕಷ್ಟಪಟ್ಟು ಮುಖ ಗಂಭೀರ ಮಾಡಿಕೊಂಡಿದ್ದ. "ಊಟದ ಸಾಲು," ಎಂದು ಮೆಲ್ಲಗೆ ಅಂದ. ಭುಜ ಅಲುಗಿದವು. "ನಾ ಇವನಿಗೆ ಕಟ್ಟಿ ಮ್ಯಾಲ ಜಾಗ ಬಿಟ್ಟೀನಿ." ಸಾವಿನ ಮನೆಯಲ್ಲಿ ನಗಬಾರದೆಂದು ಅವನು ಟವೆಲನ್ನು ಬಾಯಿಗೆ ತುರುಕಿಕೊಂಡ. ಅರ್ಜುನ ಮತ್ತೆ ಎಮ್ಮೆಯ ಕಡೆ ಹೋದ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುವುದೆಂದು ಮಾನಪ್ಪನಿಗೆ ಗೊತ್ತಾಯಿತು. ಅವನು ಹೊಸ್ತಿಲನ್ನೊಮ್ಮೆ ನೋಡಿದ. ಆಮೇಲೆ ಎದ್ದು ನಿಂತ.

"ಒಳಗ ತಾರವ್ವ," ಎಂದ ಖಾಜಾಬೀಗೆ.

ಖಾಜಾಬೀ ಪಾತೇಲಿ ಸಹಿತ ಹೊಸ್ತಿಲು ದಾಟಿದಳು. ಗಂಗಾ ಸೆರಗು ಸಿಕ್ಕಿಸಿ ಒಲೆಯ ಕಡೆ ಬಂದಳು. ಮಾನಪ್ಪ ಕೈ ಅಡ್ಡ ಹಿಡಿದ.

"ನೀ ಕುಂದ್ರು. ನನ್ನ ಒಲಿ."

"ಅಪ್ಪ, ಬೋಧ?"

"ತಿನ್ನಬ್ಯಾಡ ಅಂದಾರ. ಮಾಡಬ್ಯಾಡ ಅಂದಿಲ್ಲ."

"ಉಪ್ಪು ಖಾರ ಹೆಂಗ ನೋಡ್ತೀಯೋ?" ಎಂದ ಭೀಮರಾಯ, ಟವೆಲು ತೆಗೆದು.

"ಎಡಿ ಅಡಗಿ ಯಾರೂ ರುಚಿ ನೋಡಂಗಿಲ್ಲಣ್ಣ. ಹಿರಿಯ ಆಗಿ ನಿನಗ ಗೊತ್ತಿಲ್ಲೇನು?"

ಅದು ನಿಜ. ಎಡೆಯ ಅಡುಗೆಯನ್ನು ಸತ್ತವರಿಗಿಂತ ಮೊದಲು ಯಾರೂ ಬಾಯಿಗೆ ಹಾಕುವಂತಿಲ್ಲ. ಮಾನಪ್ಪನ ಬೋಧೆ ಮತ್ತು ಸಾಯಬಮ್ಮನ ಎಡೆ ಮೊದಲ ಸಲ ಒಂದೇ ಮಾತು ಹೇಳುತ್ತಿದ್ದವು. ಭೀಮರಾಯ ತಲೆಯಾಡಿಸಿ ಟವೆಲನ್ನು ಹೆಗಲಿಗೆ ಹಾಕಿಕೊಂಡ.

ಮಾನಪ್ಪ ಹುಣಸೆಹಣ್ಣು ನೆನೆಹಾಕಿದ. ಒಣಕೊಬ್ಬರಿ ಸುಟ್ಟು, ಬಳ್ಳೊಳ್ಳಿ ಸುಲಿದು, ಒರಳಿನಲ್ಲಿ ಅರೆದ. ಹರೆಯದಲ್ಲಿ ಹೊಳೆದಂಡೆಯ ಮೇಲೆ ಮೂರು ಕಲ್ಲು ಹೂಡಿ ಮಾಡುತ್ತಿದ್ದ ಅಡುಗೆ. ಕೈಗೆ ಅರ್ಧ ನೆನಪಿತ್ತು, ಅರ್ಧ ಮರೆತಿತ್ತು. ಉಳಿದದ್ದಕ್ಕೆ ಓಣಿಯ ಆಚೆಯಿಂದ ಇಷ್ಟು ವರ್ಷ ಬಂದ ವಾಸನೆಯೇ ಗುರು. ಗಂಗಾ ಬಾಗಿಲಲ್ಲಿ ನಿಂತು, "ಅಪ್ಪ, ಉಪ್ಪು ಹಾಕೀದಿ ನೋಡು," ಎಂದಳು. ಅವನು ಕೇಳಿಸಿಕೊಳ್ಳದೆ ಇನ್ನೊಂದು ಹಿಡಿ ಹಾಕಿದ. ಸಾರು ಕುದಿಯಿತು. ಆ ಮನೆಯ ತೊಲೆಗಳಿಗೆ ಎಷ್ಟೋ ವರ್ಷಗಳ ಮೇಲೆ ಮೀನಿನ ಹೊಗೆ ತಾಗಿತು. ಆಮೇಲೆ ಅವನು ಕೈ ತೊಳೆದು ರೊಟ್ಟಿ ಬಡಿದ. ಆ ಸಪ್ಪಳಕ್ಕೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು.

ಫೋಟೋದ ಮುಂದೆ ತಾಟು ಇಟ್ಟರು. ಎರಡು ರೊಟ್ಟಿ, ಮೀನಿನ ತುಂಡು, ತಲೆ, ಮೇಲೆ ಸಾರು. ಊದುಬತ್ತಿ ಹಚ್ಚಿ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆಳೆದು ನಿಂತರು. ಸ್ವಲ್ಪ ಹೊತ್ತಿಗೆ ಭೀಮರಾಯ ಬಾಗಿಲು ತೆರೆದು, ಆತು ಎಂದ. ಆಮೇಲೆ ಎಲ್ಲರೂ ಒಳಗೆ ಕುಳಿತು ಉಂಡರು. ಹತ್ತಿಪ್ಪತ್ತು ವರ್ಷಗಳ ಮೇಲೆ ಆ ಮನೆಯೊಳಗೆ ಮೀನಿನ ಪಂಕ್ತಿ ಕುಳಿತಿತ್ತು. ಮೊದಲ ತುತ್ತಿಗೆ ಅರ್ಜುನ ತಲೆಯೆತ್ತಿ ಗಂಗಾಳನ್ನು ನೋಡಿದ. "ಸುಮ್ನ ಉಣ್ಣು," ಎಂದಳು ಗಂಗಾ. ನೀರಿನ ತಂಬಿಗೆ ಮೂರು ಸಲ ತಿರುಗಿತು.

ಬೋಧೆಯವನು ಮೀನಿನ ಪಂಕ್ತಿಯಲ್ಲಿ ಕೂರುವಂತಿಲ್ಲ. ಮಾನಪ್ಪ ತನ್ನ ರೊಟ್ಟಿ ಮತ್ತು ಶೇಂಗಾ ಹಿಂಡಿ ತೆಗೆದುಕೊಂಡು ಓಣಿ ದಾಟಿ, ಪತ್ರಾಸಿನ ಕೆಳಗೆ ಸಾಯಬಮ್ಮನ ಒಲೆಯ ಪಕ್ಕ ಹೋಗಿ ಕುಳಿತ. ಅಲ್ಲಿ ಅವನು ಕುಳಿತದ್ದು ಅದೇ ಮೊದಲು. ಅಲ್ಲಿಂದ ನೋಡಿದರೆ ತನ್ನ ಮನೆಯ ಬಾಗಿಲು, ಬಾಗಿಲೊಳಗೆ ಒಲೆ, ಒಲೆಯ ಮುಂದೆ ರೊಟ್ಟಿ ಬಡಿಯುವ ಜಾಗ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ರಾಜಾಸಾಬ ತಾಟು ಹಿಡಿದುಕೊಂಡು ಹೊರಗೆ ಬಂದ. ಮುಳುಗಿಸುತ್ತೇನೆ ಎಂಬ ಹಳೆಯ ಮಾತು ನೆನಪಿತ್ತೋ ಏನೋ, ಸ್ವಲ್ಪ ದೂರದಲ್ಲೇ ಕಲ್ಲಿನ ಮೇಲೆ ಕುಳಿತ.

"ಹೆಂಗಾಗೈತಿ?" ಎಂದ ಮಾನಪ್ಪ.

"ಉಪ್ಪು ಭಾಳ ಆಗೈತಿ."

"ಎಷ್ಟು?"

"ಅಕಿ ಇದ್ದಿದ್ರ ಸುರಪುರ ತನಕ ಹೇಳಕೋತ ಹೋಗ್ತಿದ್ಲು."

ಮಾನಪ್ಪ ರೊಟ್ಟಿ ಮುರಿದು ಹಿಂಡಿ ಹಚ್ಚಿದ.

"ಹೇಳ್ಲಿ," ಎಂದ.